ಜನಪ್ರಿಯತೆಯ ಶ್ರೇಣೀಕರಣ: ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳನ್ನು ಕುರಿತ ಕೆಲವು ವಿಚಾರಗಳು

ದಶಕವೊಂದರ ಅತ್ಯಂತ ಜನಪ್ರಿಯ ಗೀತೆಗಳನ್ನು ಕ್ರಮಾಂಕ ನೀಡಿ ಪಟ್ಟಿ ಮಾಡುವುದು ಮೇಲ್ನೋಟಕ್ಕೆ ಸರಳವಾದ ಕೆಲಸ. ಆದರೆ ಇಂತಹ ಪಟ್ಟಿಗಳು ಕಾಲಕ್ರಮದಲ್ಲಿ ಸಾಂಸ್ಕೃತಿಕ ಚರಿತ್ರೆಯ ಆಕರಗಳಾಗಿ ಬಳಕೆಯಾಗುವುದರಿಂದ, ಅವುಗಳ ಹಿಂದಿನ ಮಾನದಂಡಗಳನ್ನು ಪರಿಶೀಲಿಸುವುದು ಅಗತ್ಯ. ಪ್ರಸ್ತುತ ಲೇಖನವು 1970ರ ದಶಕದ ಕನ್ನಡ ಚಿತ್ರಗೀತೆಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಚರ್ಚಿಸುತ್ತದೆ.

ಭಾರತೀಯ ಚಿತ್ರಗೀತೆಗಳ ಶ್ರೇಣೀಕರಣಕ್ಕೆ ಪ್ರಸಿದ್ಧ ಮಾದರಿಯೆಂದರೆ, 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಆರಂಭಗೊಂಡ, ಅಮೀನ್ ಸಯಾನಿ ನಿರೂಪಿಸಿದ 'ಬಿನಾಕಾ ಗೀತ್‌ಮಾಲಾ'. ಧ್ವನಿಮುದ್ರಿಕೆಗಳ ಮಾರಾಟ ಹಾಗೂ ಶ್ರೋತೃಸಂಘಗಳ ಅಭಿಪ್ರಾಯಗಳು ಅದಕ್ಕೆ ಆಧಾರವಾಗಿದ್ದವು. ಆದರೆ ಅದು ಹಿಂದಿ ಗೀತೆಗಳಿಗೆ ಸೀಮಿತವಾಗಿತ್ತು. ಆದುದರಿಂದ ಕನ್ನಡದ ಸಂಶೋಧಕನು ಬೇರೆ ಆಕರಗಳನ್ನು ಅರಸಬೇಕಾಗುತ್ತದೆ.

ಮೊದಲನೆಯದು ಧ್ವನಿಮುದ್ರಿಕೆಗಳ ಮಾರಾಟ. ಗ್ರಾಮಫೋನ್ ಕೊಳ್ಳಬಲ್ಲ ಮನೆಗಳ ಅಭಿರುಚಿಯನ್ನಷ್ಟೇ ಇದು ದಾಖಲಿಸುತ್ತದೆ. ಎರಡನೆಯದು ಆಕಾಶವಾಣಿಗೆ ಬಂದ ಕೋರಿಕೆಯ ಪತ್ರಗಳು. ಇಲ್ಲಿ ಶ್ರೋತೃವರ್ಗ ಹಿಗ್ಗುತ್ತದೆಯಾದರೂ ಪತ್ರ ಬರೆಯಬಲ್ಲವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಅಲ್ಲದೆ ನಿಲಯದ ಸಂಗ್ರಹದಲ್ಲಿಲ್ಲದ ಗೀತೆ ಪ್ರಸಾರವಾಗುವಂತಿಲ್ಲ. ಮೂರನೆಯದು ಟೂರಿಂಗ್ ಟಾಕೀಸು, ಜಾತ್ರೆಯ ಧ್ವನಿವರ್ಧಕ, ಮದುವೆಯ ಚಪ್ಪರಗಳಲ್ಲಿನ ಕೇಳ್ಮೆ. ಗ್ರಾಮೀಣ ಕರ್ನಾಟಕದ ಬಹುಪಾಲು ಆಲಿಕೆ ನಡೆದುದು ಇಲ್ಲಿಯೇ. ಅಂಕಿಅಂಶಗಳಿಗೆ ದಕ್ಕದೆ ಉಳಿದುದೂ ಇದೇ.

ಗೀತೆಯ ಜನಪ್ರಿಯತೆಯನ್ನು ಚಿತ್ರದ ಜನಪ್ರಿಯತೆಯಿಂದ ಬೇರ್ಪಡಿಸುವುದು ಮತ್ತೊಂದು ತೊಡಕು. 1972ರ 'ಬಂಗಾರದ ಮನುಷ್ಯ' ಮತ್ತು 'ನಾಗರಹಾವು' ಚಿತ್ರಗಳ ಗೀತೆಗಳು ಆಯಾ ಚಿತ್ರಗಳ ಯಶಸ್ಸಿನೊಡನೆ ಬೆರೆತುಹೋಗಿವೆ. 1974ರಲ್ಲಿ ಈ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಜನ್–ನಾಗೇಂದ್ರ ಸಂಗೀತದ 'ಎರಡು ಕನಸು' ಚಿತ್ರದಲ್ಲಿ ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಕಂಠದಾನ ಮಾಡಿದರೆ, ಅದೇ ವರ್ಷದ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಸ್ವತಃ ರಾಜ್‌ಕುಮಾರ್ ಹಾಡಿದರು. ಎರಡನೆಯ ಗೀತೆಗೆ ದೊರೆತ ಮನ್ನಣೆಯಲ್ಲಿ ಧಾಟಿಯ ಪಾಲೆಷ್ಟು, ನಟನೇ ಗಾಯಕನಾದ ಸಂಭ್ರಮದ ಪಾಲೆಷ್ಟು ಎಂಬುದನ್ನು ಯಾವ ಕ್ರಮಾಂಕವೂ ಹೇಳಲಾರದು.

ಕಾಲಮಿತಿಯೂ ನಿರಪೇಕ್ಷವಲ್ಲ. ದಶಕದೊಳಗಿನ ಒಟ್ಟು ಕೇಳ್ಮೆಯನ್ನು ಎಣಿಸಿದರೆ 1970ರ ಗೀತೆಗೆ ಹತ್ತು ವರ್ಷಗಳ ಅವಕಾಶವಿರುತ್ತದೆ; 1979ರ ಗೀತೆಗೆ ಕೆಲವೇ ತಿಂಗಳುಗಳು. ಇಂದಿನ ಯೂಟ್ಯೂಬ್ ವೀಕ್ಷಣೆಗಳನ್ನು ಆಧರಿಸಿದರೆ ದೊರೆಯುವುದು 2005ರ ನಂತರದ ಕೇಳುಗರ ನೆನಪೇ ಹೊರತು ಎಪ್ಪತ್ತರ ದಶಕದ ಅಭಿರುಚಿಯಲ್ಲ. ಇದಲ್ಲದೆ, 'ಚಿತ್ರಗೀತೆ' ಎಂಬ ಚೌಕಟ್ಟು ಅದೇ ದಶಕದಲ್ಲಿ ಮೈಸೂರು ಅನಂತಸ್ವಾಮಿಯವರಂತಹ ಗಾಯಕರು ಜನರ ಬಳಿಗೊಯ್ದ ಭಾವಗೀತೆಗಳನ್ನು ಹೊರಗಿಡುತ್ತದೆ. ಚಂದ್ರಶೇಖರ ಕಂಬಾರರ ರಚನೆಯನ್ನು 'ಕಾಡು ಕುದುರೆ' ಚಿತ್ರಕ್ಕಾಗಿ ಹಾಡಿ ಶಿವಮೊಗ್ಗ ಸುಬ್ಬಣ್ಣ ಅವರು ರಾಷ್ಟ್ರಪ್ರಶಸ್ತಿ ಪಡೆದ ಸಂಗತಿಯು ಈ ಗಡಿ ಎಷ್ಟು ತೆಳುವಾದುದೆಂಬುದನ್ನು ತೋರಿಸುತ್ತದೆ.

ಹಾಗೆಂದು ಶ್ರೇಣೀಕರಣವನ್ನೇ ತ್ಯಜಿಸಬೇಕಿಲ್ಲ. ಒಂದೇ ಪಟ್ಟಿಯ ಬದಲು ಮಾರಾಟ, ಪ್ರಸಾರ, ಸ್ಮೃತಿ ಎಂಬ ಮೂರು ನೆಲೆಗಳ ಪ್ರತ್ಯೇಕ ಪಟ್ಟಿಗಳನ್ನು ರಚಿಸಿ, ಆಧಾರಗಳನ್ನು ಸ್ಪಷ್ಟಪಡಿಸುವುದು ಹೆಚ್ಚು ಶಾಸ್ತ್ರೀಯವಾದ ಕ್ರಮ. ಈ ಪಟ್ಟಿಗಳು ಎಲ್ಲಿ ಭಿನ್ನವಾಗುತ್ತವೆಯೋ ಅಲ್ಲಿಯೇ ವರ್ಗ, ಅಕ್ಷರ, ಊರುಗಳ ಅಂತರ ಗೋಚರಿಸುತ್ತದೆ. ಮೂರನೆಯ ಪಟ್ಟಿಗೆ ಆಧಾರವಾಗಬೇಕಾದವರು ಅಂದಿನ ಕೇಳುಗರೇ. ಅವರಲ್ಲಿ ಅನೇಕರು ಈಗ ಇಳಿವಯಸ್ಸಿನಲ್ಲಿರುವುದರಿಂದ ಕ್ಷೇತ್ರಕಾರ್ಯವನ್ನು ವಿಳಂಬಿಸುವಂತಿಲ್ಲ.