ಕಾಲೇಜು ನೋಡಲು ಯಾವಾಗ ಹೋಗಬೇಕು? ದ್ವಿತೀಯ ಪಿಯುಸಿಗೆ ಒಂದು ಮಾರ್ಗದರ್ಶನ ಪಾಠ

ತರಗತಿ: ದ್ವಿತೀಯ ಪಿಯುಸಿ. ಅವಧಿ: 40 ನಿಮಿಷ. ಸಾಮಗ್ರಿ: ಚಿತ್ರದುರ್ಗ ಜಿಲ್ಲೆಯ ನಕ್ಷೆ, ಹತ್ತಿರದ ಬಸ್ ನಿಲ್ದಾಣದಿಂದ ಬರೆದು ತಂದ ವೇಳಾಪಟ್ಟಿ, ಕಪ್ಪುಹಲಗೆ.

ಬೋಧನಾಭ್ಯಾಸದಲ್ಲಿ ಮಾರ್ಗದರ್ಶನದ ಅವಧಿ ಸಿಕ್ಕರೆ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೋರ್ಸುಗಳ ಪಟ್ಟಿ ಬರೆಸಿ ಮುಗಿಸುತ್ತಾರೆ. ಆ ಪಟ್ಟಿ ಇಂದು ಮೊಬೈಲಿನಲ್ಲೇ ಸಿಗುತ್ತದೆ. ಸಿಗದಿರುವುದು ಬೇರೆ: ಸೇರುವ ಮೊದಲು ಕಾಲೇಜನ್ನು ಒಮ್ಮೆ ಕಣ್ಣಾರೆ ನೋಡಿ ಬರುವುದು ಹೇಗೆ ಎಂಬ ತಿಳುವಳಿಕೆ. ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಅಪ್ಪ ಒಂದು ದಿನ ಮಗ್ಗ ಬಿಟ್ಟು ಬಂದರೆ ಅಂದಿನ ಕೂಲಿ ಹೋಗುತ್ತದೆ. ಚಳ್ಳಕೆರೆಯ ಶೇಂಗಾ ಹೊಲದಲ್ಲಿ ದುಡಿಯುವವರದ್ದೂ ಅದೇ ಕಥೆ. ಇಂಥ ಮನೆಗಳು ನಾಲ್ಕೈದು ಕಾಲೇಜು ಸುತ್ತಿ ನೋಡಲಾರವು. ಸಿಗುವುದು ಒಂದು ದಿನ, ಹೆಚ್ಚೆಂದರೆ ಎರಡು. ಆ ದಿನ ಯಾವುದಾಗಿರಬೇಕು, ಅಂದು ಏನು ನೋಡಬೇಕು ಎಂಬುದೇ ಈ ಪಾಠದ ಕಲಿಕಾಂಶ.

ಪೀಠಿಕೆಗೆ ಒಂದೇ ಪ್ರಶ್ನೆ ಸಾಕು: "ಕಾಲೇಜು ನೋಡಲು ನೀವು ಯಾವಾಗ ಹೋಗುತ್ತೀರಿ?" ಹೆಚ್ಚಿನವರು "ರಿಸಲ್ಟ್ ಬಂದ ಮೇಲೆ" ಎನ್ನುತ್ತಾರೆ. ಅದನ್ನು ತಪ್ಪು ಎಂದು ಹೇಳದೆ ಹಲಗೆಯ ಮೇಲೆ ಬರೆದು, ಆ ದಿನ ಕಾಲೇಜಿನಲ್ಲಿ ಏನು ನಡೆಯುತ್ತಿರುತ್ತದೆ ಎಂದು ಕೇಳಬೇಕು. ಪ್ರವೇಶದ ಕಾಲದಲ್ಲಿ ಕಾಣುವುದು ಅರ್ಜಿಯ ಸಾಲು, ಬೀಗ ಹಾಕಿದ ಪ್ರಯೋಗಾಲಯ, ಪರೀಕ್ಷೆಗೋ ರಜೆಗೋ ಖಾಲಿಯಾದ ತರಗತಿಗಳು. ಆ ಹೊತ್ತಿಗೆ ತೀರ್ಮಾನಕ್ಕೆ ಉಳಿಯುವ ಸಮಯವೂ ಕಡಿಮೆ. ಸಿಇಟಿ ಮೂಲಕ ಸೀಟು ಹಂಚಿಕೆಯಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಡುವ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಕೆಲವೇ ದಿನಗಳಲ್ಲಿ ಒತ್ತಬೇಕು: ಒಪ್ಪಿ ಸೇರುವುದು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಹೊರಬರುವುದು. ನೋಡದ ಕಾಲೇಜಿನ ಬಗ್ಗೆ ಈ ಗುಂಡಿ ಒತ್ತುವುದು ಕತ್ತಲಲ್ಲಿ ಬಾಣ ಬಿಟ್ಟಂತೆ.

ಹಾಗಾದರೆ ಯಾವಾಗ? ಪಾಠಗಳು ನಡೆಯುತ್ತಿರುವ ಸಾಮಾನ್ಯ ಕೆಲಸದ ದಿನ. ನಮ್ಮ ಮಕ್ಕಳಿಗೆ ಅನುಕೂಲವಾದದ್ದು ದಸರಾ ರಜೆಯ ಆಸುಪಾಸು. ಪಿಯು ಮಕ್ಕಳಿಗೆ ಬಿಡುವಿರುತ್ತದೆ. ಹಬ್ಬದ ದಿನಗಳನ್ನು ಬಿಟ್ಟರೆ ಹಲವು ಪದವಿ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುತ್ತದೆ. ಹೊರಡುವ ಮುನ್ನ ಕಾಲೇಜಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಲೇಬೇಕು. ಶೇಂಗಾ ಕೀಳುವ ಕೆಲಸ ಶುರುವಾದರೆ ಅಪ್ಪ ಅಮ್ಮ ಬರಲಾರರು, ಆದ್ದರಿಂದ ಅದಕ್ಕೂ ಮೊದಲೇ. ಶನಿವಾರ ಬೇಡ, ಅರ್ಧ ದಿನದಲ್ಲಿ ಏನೂ ತಿಳಿಯುವುದಿಲ್ಲ. ಮಾರ್ಚ್ ಹೊತ್ತಿನ ನಾಯಕನಹಟ್ಟಿ ಜಾತ್ರೆಯ ದಿನಗಳೂ ಬೇಡ. ಬಸ್ಸಿನಲ್ಲಿ ಜಾಗ ಸಿಗದು, ಪರೀಕ್ಷೆಯೂ ಎದುರಿಗಿರುತ್ತದೆ.

ಮುಂದಿನ ಚಟುವಟಿಕೆಗೆ ಹೆಚ್ಚು ಹೊತ್ತು ಕೊಡಬೇಕು. ಹಲಗೆಯನ್ನು ಎರಡು ಭಾಗ ಮಾಡಿ, ಒಂದಕ್ಕೆ "ಮನೆಯಲ್ಲೇ ತಿಳಿಯುವುದು", ಇನ್ನೊಂದಕ್ಕೆ "ಹೋದರೆ ಮಾತ್ರ ತಿಳಿಯುವುದು" ಎಂದು ಬರೆಯಬೇಕು. ಶುಲ್ಕ, ಕೋರ್ಸು, ಯಾವ ವಿಶ್ವವಿದ್ಯಾಲಯದ ಸಂಯೋಜನೆ, ಇಂಜಿನಿಯರಿಂಗ್ ಆದರೆ ಎಐಸಿಟಿಇ ಮಾನ್ಯತೆ, ಇವೆಲ್ಲ ಮೊದಲ ಭಾಗಕ್ಕೆ. ಎರಡನೆಯ ಭಾಗ ತುಂಬಲು ಮಕ್ಕಳು ತಡವರಿಸುತ್ತಾರೆ. ಆಗ ಉತ್ತರ ಕೊಡದೆ ಸುಳಿವು ಕೊಡಿ: ಪ್ರಯೋಗಾಲಯದ ಉಪಕರಣದ ಮೇಲೆ ಧೂಳಿದೆಯೇ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೇ? ಕನ್ನಡ ಮಾಧ್ಯಮದಿಂದ ಬಂದವರಿಗೆ ಉಪನ್ಯಾಸಕರು ಪಾಠ ಬಿಡಿಸಿ ಹೇಳುತ್ತಾರೆಯೇ? ಕೊನೆಯ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ನಮ್ಮದೇ ತಾಲ್ಲೂಕಿನಿಂದ ಹೋಗಿ ಎರಡನೇ ವರ್ಷದಲ್ಲಿ ಓದುತ್ತಿರುವವರನ್ನು ಕ್ಯಾಂಟೀನಿನ ಬಳಿ ಹುಡುಕಿ ಕೇಳಬೇಕು.

ಹಾಸ್ಟೆಲ್ ವಿಷಯವನ್ನು ಬೇರೆಯಾಗಿಯೇ ಬಿಡಿಸಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ಕಾಲೇಜಿನವಲ್ಲ. ಊರಿನ ಇನ್ನೊಂದು ತುದಿಯಲ್ಲೂ ಇರಬಹುದು. ಕಾಲೇಜು ಮಾತ್ರ ನೋಡಿ ಬಂದವರಿಗೆ ಅರ್ಧ ಮಾತ್ರ ಗೊತ್ತಿರುತ್ತದೆ. ಹಾಸ್ಟೆಲಿನಿಂದ ಕಾಲೇಜಿಗೆ ನಡೆದು ನೋಡಲಿ, ಎಷ್ಟು ನಿಮಿಷ ಎಂದು ಬರೆದುಕೊಳ್ಳಲಿ.

ದಿನವೂ ಓಡಾಡುವವರಿಗೆ ಬಸ್ಸಿನ ಲೆಕ್ಕ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಆದರೆ ಟಿಕೆಟ್ ಇಲ್ಲವೆಂದರೆ ಬಸ್ ಇದೆ ಎಂದರ್ಥವಲ್ಲ. ಚಿತ್ರದುರ್ಗದಲ್ಲಿ ಪ್ರಾಯೋಗಿಕ ತರಗತಿ ನಾಲ್ಕೂವರೆಗೆ ಮುಗಿಯಿತು ಎಂದುಕೊಳ್ಳಿ. ಚಳ್ಳಕೆರೆಗೆ ಸುಮಾರು 30 ಕಿ.ಮೀ., ಅಲ್ಲಿಂದ ಹಳ್ಳಿಗೆ ಇನ್ನೊಂದು ಬಸ್. ಆ ಎರಡನೇ ಬಸ್ ತಪ್ಪಿದರೆ? ಹೆಣ್ಣುಮಗಳ ಓದು ನಿಲ್ಲುವುದಕ್ಕೆ ಅಂಕ ಕಾರಣವಾಗಬೇಕಿಲ್ಲ, ಈ ಕೊನೆಯ ಬಸ್ಸೇ ಸಾಕು. ಆದ್ದರಿಂದ ನೋಡಲು ಹೋದ ದಿನ ಕಾಲೇಜು ಬಿಡುವ ಹೊತ್ತಿನವರೆಗೆ ಇದ್ದು, ವಿದ್ಯಾರ್ಥಿಗಳು ಹತ್ತುವ ಬಸ್ಸಿನಲ್ಲೇ ಮರಳಬೇಕು. ತಾಯಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಕೊನೆಗೆ "ಹೂಂ" ಎನ್ನಬೇಕಾದವರು ಅವರೇ ಆಗಿರುತ್ತಾರೆ.

ಮೊಳಕಾಲ್ಮುರು ಭಾಗದ ಮಕ್ಕಳು ಬಳ್ಳಾರಿ ಹೆಸರು ಹೇಳಿಯೇ ಹೇಳುತ್ತಾರೆ. ಹೋಗಬಾರದೆಂದಲ್ಲ. ಆದರೆ ಬಳ್ಳಾರಿ 371(ಜೆ) ವ್ಯಾಪ್ತಿಯ ಕಲ್ಯಾಣ ಕರ್ನಾಟಕದ ಜಿಲ್ಲೆ, ಚಿತ್ರದುರ್ಗ ಅಲ್ಲ. ಅಲ್ಲಿನ ವೃತ್ತಿಪರ ಕೋರ್ಸುಗಳಲ್ಲಿ ಶೇ. 70 ಸೀಟು ಆ ಭಾಗದವರಿಗೆ ಮೀಸಲು. ಬಸ್ ಹತ್ತುವ ಮೊದಲೇ ಈ ಲೆಕ್ಕ ತಿಳಿದಿರಲಿ.

ಇನ್ನೊಂದು ಹೆಸರೂ ಬರುತ್ತದೆ, ಕುದಾಪುರ. ಹೆದ್ದಾರಿಯ ಮಗ್ಗುಲಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇರುವಾಗ ಸಹಜವೇ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಪಿಯುಸಿ ನಂತರ ಸೇರುವ ಸಂಸ್ಥೆಯ ಪದವಿ ಕೋರ್ಸು ಇರುವುದು ಬೆಂಗಳೂರಿನಲ್ಲಿ. ಕಣ್ಣೆದುರಿಗಿರುವ ಕ್ಯಾಂಪಸ್ಸೆಲ್ಲ ನಾವು ಸೇರಬಹುದಾದ ಕ್ಯಾಂಪಸ್ ಅಲ್ಲ ಎಂದು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಹುರುಪು ಕುಂದದಂತೆ ಹೇಳುವುದು ಪ್ರಶಿಕ್ಷಣಾರ್ಥಿಯ ಜಾಣ್ಮೆ.

ಮೌಲ್ಯಮಾಪನಕ್ಕೆ ಬಾಯಿಪಾಠದ ಪ್ರಶ್ನೆ ಬೇಡ. ಪ್ರತಿ ವಿದ್ಯಾರ್ಥಿ ತಾನು ಆರಿಸಿದ ಒಂದು ಕಾಲೇಜಿಗೆ ಹೋಗುವ ದಿನಾಂಕ, ಜೊತೆಗೆ ಬರುವವರು, ಹೋಗುವ ಮತ್ತು ಮರಳುವ ಬಸ್ಸಿನ ಸಮಯ, ಅಲ್ಲಿ ಕೇಳುವ ಮೂರು ಪ್ರಶ್ನೆಗಳನ್ನು ಅರ್ಧ ಪುಟದಲ್ಲಿ ಬರೆದು ಮನೆಯವರ ಸಹಿ ಹಾಕಿಸಿ ತರಬೇಕು. ಪ್ರಶ್ನೆಗಳಲ್ಲಿ ಒಂದಾದರೂ ಹಲಗೆಯ ಎರಡನೇ ಭಾಗದ್ದಾಗಿರಬೇಕು. ಅವಧಿ ಸಾಲದೆ ಹೋದರೆ ಮೊದಲ ಭಾಗವನ್ನು ಮನೆಗೆಲಸಕ್ಕೆ ಬಿಡಬಹುದು. ಬಸ್ಸಿನ ಲೆಕ್ಕವನ್ನು ಮಾತ್ರ ತರಗತಿಯಲ್ಲೇ, ವೇಳಾಪಟ್ಟಿ ಕೈಯಲ್ಲಿಟ್ಟುಕೊಂಡೇ ಮಾಡಿಸಿ.