ಜ್ವರ, ಕುತ್ತಿಗೆ, ಗಡಿಯಾರ: ಜಮಖಂಡಿ ಸೀಮೆಯ ಸಿಸ್ಟರ್‌ಗಳಿಗೆ ಏಳು ಸೂತ್ರಗಳು

1. ಹೆಸರಿಗೆ ಮೋಸ ಹೋಗಬೇಡಿ. ‘ಮೆದುಳು ಜ್ವರದ ಸೂಜಿ ಮಾಡ್ಸೇವ್ರಿ ಸಿಸ್ಟರ್’ ಎಂದು ತಾಯಿ ಹೇಳಿದರೆ ನಿರಾಳವಾಗಬೇಡಿ. 2022ರ ಡಿಸೆಂಬರ್‌ನಿಂದ ಬಾಗಲಕೋಟೆ ಜಿಲ್ಲೆಯ 1ರಿಂದ 15 ವರ್ಷದ ಮಕ್ಕಳಿಗೆ ಹಾಕಿದ್ದು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ. ಅದು ಸೊಳ್ಳೆ ತರುವ ವೈರಸ್ಸಿಗೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್, ಅಂದರೆ ಮಿದುಳ ಪೊರೆಯ ಉರಿಯೂತ, ಬೇರೆಯೇ ರೋಗ. ಅದರ ಲಸಿಕೆಗೆ ತಾಯಿ ಕಾರ್ಡಿನಲ್ಲಿ ಪೆಂಟಾವಲೆಂಟ್ (6, 10, 14 ವಾರ), ಪಿಸಿವಿ (6, 14 ವಾರ, 9 ತಿಂಗಳು) ಹುಡುಕಿ.

2. ನಾಲ್ಕರಲ್ಲಿ ಎರಡು ಸಾಕು. ಜ್ವರ, ತಲೆನೋವು, ಕುತ್ತಿಗೆ ಬಿಗಿತ, ಮಂಪರು. ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಆದ ವಯಸ್ಕರಲ್ಲಿ ಶೇ. 95ರಷ್ಟು ಜನರಿಗೆ ಇವುಗಳಲ್ಲಿ ಎರಡಾದರೂ ಇದ್ದವೆಂದು 2004ರ ಡಚ್ ಅಧ್ಯಯನ ತೋರಿಸಿತು. ಪರೀಕ್ಷೆಯಲ್ಲಿ ಕರ್ನಿಗ್, ಬ್ರುಡ್ಜಿನ್ಸ್ಕಿ ಚಿಹ್ನೆ ಬರೆದು ನಾವೆಲ್ಲ ಅಂಕ ಗಳಿಸಿದವರೇ. ಆದರೆ ಅವು ಕಾಣಲಿಲ್ಲವೆಂದು ರೋಗವಿಲ್ಲ ಎನ್ನುವಂತಿಲ್ಲ.

3. ಕೂಸಿನ ಕುತ್ತಿಗೆ ನಂಬಬೇಡಿ, ಅಳು ಕೇಳಿ. ಎಳೆಗೂಸಿಗೆ ಕುತ್ತಿಗೆ ಬಿಗಿಯದೇ ಇರಬಹುದು. ಜ್ವರದ ಬದಲು ಮೈ ತಣ್ಣಗಾಗಿರಲೂಬಹುದು. ಅಳುವ ಕೂಸನ್ನು ಅವ್ವ ಎತ್ತಿಕೊಂಡರೆ ಸುಮ್ಮನಾಗಬೇಕು. ಮೆನಿಂಜೈಟಿಸ್ ಆದ ಕೂಸು ಎತ್ತಿಕೊಂಡಾಗಲೇ ಕಿರುಚುತ್ತದೆ, ಏಕೆಂದರೆ ಅಲುಗಿದರೆ ನೋವು. ಅಳು ನಿಂತ ಮೇಲೆ ನೆಟ್ಟಗೆ ಕೂರಿಸಿ ನೆತ್ತಿ ಮುಟ್ಟಿ: ಉಬ್ಬಿ ಬಿಗಿಯಾಗಿದೆಯೇ? ಮೊಲೆ ಹಿಡಿಯುವುದನ್ನು ಬಿಟ್ಟಿದೆಯೇ? ಝಟಕಾ ಬಂದಿತ್ತೇ?

4. ಗಾಜಿನ ಲೋಟ ಒತ್ತಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆ ಕಂಡರೆ ಓಡಿ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗ ನೋಡಿ.

5. ‘ಎಷ್ಟು ದಿನದಿಂದ?’ ಎಂದು ಕೇಳಿ. ಮುಧೋಳದ ಕಬ್ಬಿನ ಗ್ಯಾಂಗಿನವರಿರಲಿ, ರಬಕವಿ-ಬನಹಟ್ಟಿಯ ನೇಕಾರರಿರಲಿ, ತಲೆನೋವನ್ನು ದುಡಿಮೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ವಾಂತಿ, ಮಂಕು ಇದ್ದರೆ ಕ್ಷಯದ ಮೆನಿಂಜೈಟಿಸ್ ನೆನಪಾಗಲಿ. ಮನೆಯಲ್ಲಿ ಯಾರಾದರೂ ಟಿಬಿ ಗುಳಿಗೆ ನುಂಗುತ್ತಿದ್ದಾರೆಯೇ ಎಂದೂ ವಿಚಾರಿಸಿ.

6. ಗಡಿಯಾರ ನೋಡಿ ಬರೆಯಿರಿ. ಸಕ್ಕರೆ ಪರೀಕ್ಷೆ, ರಕ್ತದ ಕಲ್ಚರ್, ತಡವಿಲ್ಲದೆ ಆಂಟಿಬಯೋಟಿಕ್. ಡೆಕ್ಸಾಮೆಥಾಸೋನ್ ಬರೆದಿದ್ದರೆ ಮೊದಲ ಡೋಸಿನ ಮುಂಚೆ ಅಥವಾ ಜೊತೆಗೇ. ಬೀಳಗಿಯಿಂದ 108ರಲ್ಲಿ ಬಾಗಲಕೋಟೆಗೆ ಕಳಿಸುವಾಗ ‘ಮೊದಲ ಡೋಸ್ ಇಲ್ಲೇ ಕೊಡೋಣವೇ ಸರ್?’ ಎಂದು ಬಾಯಿಬಿಟ್ಟು ಕೇಳಿ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯಿರಿ. ಕಲ್ಚರಿಗೆ ತೆಗೆದ ಬೆನ್ನುನೀರನ್ನು ಫ್ರಿಜ್ಜಿಗೆ ಇಡಬೇಡಿ, ಕೂಡಲೇ ಲ್ಯಾಬಿಗೆ ಒಯ್ಯಿರಿ.

7. ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ಆಗುವತನಕ ಮಾಸ್ಕ್ ತೆಗೆಯಬೇಡಿ. ಇನ್ನು, ಗುಣವಾದ ಕೂಸನ್ನು ಮನೆಗೆ ಕಳಿಸುವ ಮುನ್ನ ಕಿವಿ ಪರೀಕ್ಷೆಗೆ ಬರೆಸಿ. ಈ ರೋಗ ಕಿವುಡು ಉಳಿಸಿ ಹೋಗುವುದುಂಟು.