ಕುರಿಮಾಂಸದಲ್ಲಿ ಉಳಿಯುವ ಮದ್ದಿನ ಅಂಶವೂ ಅದರ ಪರೀಕ್ಷೆಯೂ

ಬನ್ನೂರಿನ ಸುತ್ತಣ ಕುರಿಯು ಸರ್ಕಾರದ ಪಟ್ಟಿಯಲ್ಲಿ ಮಂಡ್ಯ ತಳಿಯೆಂದು ದಾಖಲಾಗಿದ್ದರೂ, ಸಂತೆಯಲ್ಲಿ ಬನ್ನೂರು ಕುರಿ ಎಂಬ ಹೆಸರಿನಿಂದಲೇ ಬೆಲೆ ಪಡೆಯುತ್ತದೆ. ಮಾಂಸದ ಮೃದುತ್ವವೂ ರುಚಿಯೂ ಇದಕ್ಕೆ ಕಾರಣ. ಈ ಹೆಸರು ಉಳಿಯಬೇಕಾದರೆ, ಕಣ್ಣಿಗೆ ಕಾಣದ ಒಂದು ದೋಷವನ್ನು ಕುರಿ ಸಾಕುವವರು ಅರಿತಿರತಕ್ಕದ್ದು.

ಕುರಿಗೆ ಶ್ವಾಸಕೋಶದ ಸೋಂಕು, ಗೊರಸು ಕೊಳೆಯುವ ರೋಗ ಮುಂತಾದುವು ತಗುಲಿದಾಗ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಮದ್ದನ್ನು ಚುಚ್ಚುವುದುಂಟು. ರೋಗ ವಾಸಿಯಾದೊಡನೆ ಮದ್ದೂ ಮೈಬಿಟ್ಟು ಹೋಯಿತೆಂದು ತಿಳಿಯುವುದು ತಪ್ಪು. ಅದರ ಅಂಶವು ಮಾಂಸದಲ್ಲಿಯೂ, ಹೆಚ್ಚಾಗಿ ಯಕೃತ್ತು ಮೂತ್ರಪಿಂಡಗಳಲ್ಲಿಯೂ ಕೆಲವು ಕಾಲ ಉಳಿಯುತ್ತದೆ. ಬೇಯಿಸಿದ ಮಾತ್ರಕ್ಕೆ ಪೂರ್ತಿ ನಾಶವಾಗುವುದೆಂಬ ಭರವಸೆಯಿಲ್ಲ. ಇಂಥ ಮಾಂಸವನ್ನು ಪದೇಪದೇ ತಿಂದರೆ ರೋಗದ ಕ್ರಿಮಿಗಳು ಮದ್ದಿಗೆ ಒಗ್ಗಿಕೊಂಡು, ಮುಂದೆ ಮನೆಯವರಿಗೆ ಕಾಯಿಲೆ ಬಂದಾಗ ಆ ಮದ್ದು ಫಲಿಸದೆ ಹೋಗುವ ಅಪಾಯವುಂಟು.

ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಆಯೋಗವು ಗೊತ್ತುಮಾಡಿರುವಂತೆ, ಒಂದು ಕಿಲೋಗ್ರಾಂ ಕುರಿಮಾಂಸದಲ್ಲಿ ಈ ಮದ್ದು 200 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ 5000ದಲ್ಲೊಂದು ಭಾಗವನ್ನು ಮೀರಕೂಡದು. ಇಷ್ಟು ಅಲ್ಪವಾದುದನ್ನು ಕೊಬ್ಬು, ಸಸಾರಜನಕಗಳ ನಡುವಿನಿಂದ ಬೇರ್ಪಡಿಸಲು ವಿಜ್ಞಾನಿಗಳು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳ ಮೇಲೆ, ಮದ್ದಿನ ಅಣುಗಳನ್ನು ಬೆರೆಸಿಯೇ ಪಾಲಿಮರಿನ ಪದರವನ್ನು ಬೆಳೆಯಿಸುತ್ತಾರೆ. ಬಳಿಕ ಮದ್ದನ್ನು ತೊಳೆದು ತೆಗೆದರೆ, ಕೆಸರುಗದ್ದೆಯಲ್ಲಿ ಎತ್ತು ಕಾಲು ಕಿತ್ತ ಮೇಲೆ ಗೊರಸಿನ ಅಚ್ಚು ನಿಲ್ಲುವಂತೆ, ಪದರದಲ್ಲಿ ಆ ಅಣುವಿನ ಆಕಾರದ ಕುಳಿಗಳು ನಿಲ್ಲುತ್ತವೆ. ಅರೆದ ಮಾಂಸದಿಂದ ದ್ರಾವಕಕ್ಕೆ ಇಳಿಸಿಕೊಂಡ ರಸದಲ್ಲಿ ಈ ಕಣಗಳನ್ನು ಕಲಕಿದರೆ, ಮದ್ದು ಕುಳಿಗಳಲ್ಲಿ ಸೇರಿಕೊಳ್ಳುತ್ತದೆ. ಪಾತ್ರೆಯ ಹೊರಗೆ ಅಯಸ್ಕಾಂತವನ್ನು ಹಿಡಿದು ಕಣಗಳನ್ನು ಒಂದೆಡೆಗೆ ಸೆಳೆದು, ರಸವನ್ನು ಬಗ್ಗಿಸಿ, ಕಣಗಳಿಂದ ಮದ್ದನ್ನು ಬೇರೊಂದು ದ್ರಾವಕದಲ್ಲಿ ಬಿಡಿಸಿ, ಯಂತ್ರದಿಂದ ಅಳೆಯುತ್ತಾರೆ.

ಆದರೆ ಈ ವಿಧಾನವು ದೋಷವನ್ನು ತೋರಿಸುವುದೇ ಹೊರತು ಮಾಂಸವನ್ನು ಶುದ್ಧಿಮಾಡುವುದಿಲ್ಲ. ಪರಿಹಾರವಿರುವುದು ಕುರಿದೊಡ್ಡಿಯಲ್ಲಿ. ಮದ್ದು ಕೊಟ್ಟ ಮೇಲೆ ಕಾಯಬೇಕಾದ ಅವಧಿಯನ್ನು ಸೀಸೆಯ ಮೇಲೆ ನಮೂದಿಸಬೇಕೆಂದು 2012ರಲ್ಲಿ ಕೇಂದ್ರ ಸರ್ಕಾರವು ನಿಯಮ ಮಾಡಿತು. ಮದ್ದಿಗೆ ಪ್ರತ್ಯೇಕ ಅವಧಿಯು ಪರೀಕ್ಷೆಯಿಂದ ಗೊತ್ತಾಗಿಲ್ಲದಿದ್ದರೆ, ಆ ನಿಯಮದ ಪ್ರಕಾರ ಮಾಂಸಕ್ಕೆ 28 ದಿನ, ಹಾಲಿಗೆ 7 ದಿನಗಳಿಗೆ ಕಡಮೆಯಿರಬಾರದು.

ಆದುದರಿಂದ ಪಶುವೈದ್ಯರ ಸಲಹೆಯಿಲ್ಲದೆ ಮದ್ದು ಚುಚ್ಚಕೂಡದು. ಚುಚ್ಚಿದ ಕುರಿಗೆ ಗುರುತು ಹಾಕಿ, ಮದ್ದಿನ ಹೆಸರನ್ನೂ ತಾರೀಖನ್ನೂ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹಣದ ಅಡಚಣೆಯಿಂದ ಬೇಗ ಮಾರಬೇಕಾಗಿ ಬಂದರೆ, ಮದ್ದು ಕಾಣದ ಬೇರೆ ಕುರಿಯನ್ನು ಮಾರುವುದು ಲೇಸು. ಊರಿನ ಯಜಮಾನರೂ ಜಮೀನುದಾರರೂ ಮೊದಲು ತಮ್ಮ ಮಂದೆಯಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರೆ ಉಳಿದವರೂ ಅನುಸರಿಸುವರು.